ನಡುವೆ ಒಬ್ಬರಿರಬೇಕು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗೋ ದಾರಿಯಲ್ಲಿ ನಮ್ಮ ಮಾಚೇನಹಳ್ಳಿ. ಇಲ್ಲಿ ಶಿಮುಲ್ ಡೈರಿ ಇದೆ. ಹಾಗಾಗಿ 'ರಾತ್ರಿಯೆಲ್ಲ ಪ್ಯಾಕೇಜಿಂಗ್ ಕೆಲಸ' ಅಂದಾಗ ಅಮ್ಮ ಕೇಳಿದ್ದು, 'ಡೈರೀಲೇನೋ?'

ಡೈರಿಗಲ್ಲ, ಡೆಬಿಯನ್‌ಗೆ. ಆದ್ರೆ ಹೋಲಿಕೆ ಸರಿಯಾಗೇ ಇದೆ. ಹಾಲು ಕರೆದೋರು ಯಾರೋ, ಕುಡಿಯೋರು ಯಾರೋ. ಪರೀಕ್ಷೆ ಮಾಡಿ, ತಾರೀಖು ಒತ್ತಿ ಕಳಿಸೋರು ನಡುವೆ ಇರಬೇಕು. ಒಂದೇ ಸಾಲಿನ ಕಮ್ಯಾಂಡಿಗೆ ನಿಮ್ಮ ಲಿನಕ್ಸ್‌ಗೆ ತಂತ್ರಾಂಶ ಬಂದು ಕೂರುತ್ತಲ್ಲ, ಅಲ್ಲೂ ಹಾಗೇ ಒಬ್ಬರು ಇರ್ತಾರೆ.

ನಾನು ಹಿಡಿದಿರೋದು ಒಂದು ಪುಟ್ಟ ಪ್ರೊಫೈಲರ್. ಪ್ರೋಗ್ರಾಂ ಓಡುವಾಗ ಸೆಕೆಂಡಿಗೆ ಸುಮಾರು ನೂರು ಸಲ ಇಣುಕಿ, 'ಈಗ ಯಾವ ಫಂಕ್ಷನ್‌ನಲ್ಲಿದೀಯ? ನಿನ್ನ ಕರೆದಿದ್ದು ಯಾರು?' ಅಂತ ಬರೆದುಕೊಳ್ಳುತ್ತೆ. ಕೋಡ್ ಯಾಕೆ ನಿಧಾನ ಅಂತ ಊಹೆ ಮಾಡೋ ಬದಲು ಲೆಕ್ಕ ಸಿಗುತ್ತೆ.

ತೊಡಕು ಏನಪ್ಪಾ ಅಂದ್ರೆ, ಇದು ಬೇರೆಯವರ ಪ್ಯಾಕೇಜುಗಳ ಒಳಗೆ ಇಣುಕಬೇಕು. ಅವರು ಕಂಪೈಲ್ ಮಾಡುವಾಗ ತುಸು ವೇಗದ ಆಸೆಗೆ ಫ್ರೇಮ್ ಪಾಯಿಂಟರ್ ಕೈಬಿಟ್ಟಿದ್ದರೆ, ಯಾರು ಯಾರನ್ನು ಕರೆದರು ಅನ್ನೋ ಸರಪಳಿ ಸುಲಭಕ್ಕೆ ಸಿಗಲ್ಲ. ಡೀಬಗ್ ಮಾಹಿತಿ ಡೆಬಿಯನ್‌ನಲ್ಲಿ ಬೇರೆ ಪ್ಯಾಕೇಜಾಗಿರುತ್ತೆ. ಅದನ್ನು ಹಾಕಿಕೊಳ್ಳದಿದ್ದರೆ ಎಷ್ಟೋ ಕಡೆ ಹೆಸರಿನ ಬದಲು ಬರೀ ಅಂಕಿ. ಅದಕ್ಕೇ 2023ರಲ್ಲಿ ಫೆಡೋರಾ 38, 2024ರಲ್ಲಿ ಉಬುಂಟು 24.04, ವೇಗ ಚೂರು ಕಮ್ಮಿಯಾದ್ರೂ ಪರವಾಗಿಲ್ಲ ಅಂತ ಫ್ರೇಮ್ ಪಾಯಿಂಟರ್ ಉಳಿಸಿಕೊಂಡವು. ಒಬ್ಬರ ಪ್ರೊಫೈಲರ್‌ಗೆ ಕಣ್ಣು ಬರೋಕೆ ಊರೆಲ್ಲ ಒಪ್ಪಬೇಕು!

ಹೆಚ್ಚು ಹೊತ್ತು ತಿಂದಿದ್ದು ಕಾಪಿರೈಟ್ ಫೈಲು. ಪ್ರತಿ ಕಡತ ಯಾರದ್ದು, ಯಾವ ಲೈಸೆನ್ಸು, ಎಲ್ಲ ಹುಡುಕಿ ಬರೀಬೇಕು. ಬೇಸರದ ಕೆಲಸವೇ. ಆದ್ರೆ ಪುಕ್ಕಟೆ ಬರೆದುಕೊಟ್ಟವರ ಹೆಸರನ್ನು ಒಬ್ಬರಾದ್ರೂ ಪೂರ್ತಿ ಓದೋದು ಅಲ್ಲೇ.

ಕೊನೆಗೆ ಉಳಿದಿದ್ದು 'ಮೇಂಟೇನರ್' ಅನ್ನೋ ಸಾಲು. ಬೆರಳು ಅಲ್ಲೇ ನಿಂತಿತು. ಅಲ್ಲಿ ನನ್ನ ಹೆಸರು ಹಾಕಿದರೆ, ಕೆಲಸ ಬದಲಾಯಿಸಿದರೂ ಊರು ಬಿಟ್ಟರೂ ಬಗ್ ವರದಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ನೋಡಿಕೊಳ್ಳೋರು ಕೈಬಿಟ್ಟ ಪ್ಯಾಕೇಜಿಗೆ ಡೆಬಿಯನ್‌ನವರು ಇಟ್ಟಿರೋ ಅಧಿಕೃತ ಹೆಸರು 'ಅನಾಥ'. ಬೆಂಗಳೂರಿನ ಹೊಸ ಕೆಲಸದ ಮಾತು ನಡೀತಿರುವಾಗ ಆ ಪದ ಚುಚ್ಚುತ್ತೆ.

ಭದ್ರಾವತಿಯ ಗೆಳತಿಗೆ ಫೋನ್ ಮಾಡಿದೆ. 'ನನ್ನ ಹೆಸರೂ ಸೇರಿಸು ಮಾರಾಯ, ನೀನು ಬ್ಯುಸಿ ಆದಾಗ ನಾನು ನೋಡ್ತೀನಿ' ಅಂದಳು. ಮೇಂಟೇನರ್ ಕೆಳಗೆ 'ಅಪ್‌ಲೋಡರ್ಸ್' ಅಂತ ಇನ್ನೊಂದು ಸಾಲು ಇರೋದೇ ಇದಕ್ಕೆ. ಎರಡೂ ಸಾಲು ತುಂಬಿಸಿ, ಪರಿಶೀಲನೆಗೆ ಕಳಿಸಿದೆ.