ಮೂವರು ಗಾನಸೇವಕರು

ತಂದೆಯವರು ಕೂಡಿಟ್ಟ ಗಾನಸಂಗ್ರಹವನ್ನು ಯಾವ ತಂತ್ರಾಂಶಕ್ಕೆ ಒಪ್ಪಿಸಲಿ ಎಂಬ ಚಿಂತೆಯಿಂದ ಎಂಪಿಡಿ, ಲಿರಿಯನ್, ರೂನ್ ಎಂಬ ಮೂರನ್ನೂ ಹೋಲಿಸಿ ಕೇಳಿದೆನು. ಸಿ.ಡಿ.ಯ ನಾದವೆಂದರೆ ಸೆಕೆಂಡಿಗೆ, ಒಂದೊಂದು ಕಿವಿಗೆ, 44,100 ಅಂಕೆಗಳ ಸಾಲು. ಅದನ್ನು ತಿದ್ದದೆ ಮುಂದಕ್ಕೆ ಒಪ್ಪಿಸಿದಲ್ಲಿ ಭೇದವೆಲ್ಲಿಯದು? ತುಸು ಗಟ್ಟಿಯಾಗಿ ನುಡಿದುದೇ ಕಿವಿಗೆ ಇಂಪೆನಿಸುವುದು. ಸದ್ದನ್ನು ಸಮಗೊಳಿಸಿದೊಡನೆ ಆ ಪಕ್ಷಪಾತವು ಮಾಯವಾಯಿತು. ಭೇದವಿರುವುದು ಉಪಚಾರದಲ್ಲಿ. 2003ರಲ್ಲಿ ಹುಟ್ಟಿದ ಎಂಪಿಡಿ ಮಿತಭಾಷಿ, ಅಲ್ಪತೃಪ್ತ. 2015ರಲ್ಲಿ ಬಂದ ರೂನ್ ಗಾಯಕರ ಚರಿತ್ರೆಯನ್ನೂ ಹೇಳುವುದು. ಆದರೆ ಸಂಭಾವನೆ ಬೇಡುವುದು. ಲಿರಿಯನ್ ಕಾಸು ಕೇಳದೆ ಕೋಣೆಕೋಣೆಗೂ ಹಾಡನ್ನು ಮುಟ್ಟಿಸುವುದು. ಆಲಾಪನೆಗೂ ಕೃತಿಗೂ ನಡುವೆ ಶ್ರುತಿಯ ಎಳೆ ಹರಿಯಬಾರದು. ಅಡುಗೆಮನೆಯಲ್ಲಿರುವ ತಾಯಿಯವರಿಗೂ ಆ ಸಂಗ್ರಹವು ಕೇಳಿಸಬೇಕು. ಆದುದರಿಂದ ಲಿರಿಯನ್ನಿಗೇ ನಮ್ಮ ಮನೆಯ ಸೇವೆಯು ಸಂದಿತು.