ಬೆನ್ನು ಯಾರದೋ, ಮುಖ ಯಾರದೋ!

ಅಭಿಮಾನಿ ಮಿತ್ರರೇ, ಒಂದು ಪ್ರಶ್ನೆ. 1981ರಲ್ಲಿ ಬಂದ ‘ಗೀತಾ’ ಚಿತ್ರದಲ್ಲಿ ಹಾಡಿದವರು ಯಾರು?

“ಶಂಕರ್‌ನಾಗ್!” ಎಂದು ಕೂಗಿಬಿಟ್ಟಿರಾ? ಕೂಗಿ, ತಪ್ಪೇನಿಲ್ಲ. ನಮ್ಮ ಹುಣಸೂರಿನ ಹುಡುಗರ ಪಾಲಿಗೆ ಆ ಕಾಲದಲ್ಲಿ ರಾಕ್ ಗಾಯಕ ಎಂದರೆ ಅವರೇ. ಎಲ್ವಿಸ್ ಪ್ರೀಸ್ಲಿ ಯಾರೋ, ಬೀಟಲ್ಸ್ ಎಂದರೆ ಏನೋ, ನಮಗೇನು ಗೊತ್ತು? ಹಾಡುಗಾರನ ಪಾತ್ರದಲ್ಲಿ ಶಂಕರ್‌ನಾಗ್ ತೆರೆಯ ಮೇಲೆ ಬಂದರು, ಮೈ ಕುಣಿಸಿದರು, ನಾವು ಕುರ್ಚಿ ಬಿಟ್ಟು ಎದ್ದೆವು. ಮಾರನೆಯ ವಾರ ಊರಿನ ಕ್ಷೌರದಂಗಡಿಯಲ್ಲಿ ಎಲ್ಲರಿಗೂ ಅದೇ ಕ್ರಾಪು ಬೇಕು! ಆದರೆ ಕಂಠ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರದು. ರಾಗ ಇಳಯರಾಜಾ ಅವರದು. ಪದ ಚಿ. ಉದಯಶಂಕರ್ ಅವರದು. ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಟೈಟಲ್ ಕಾರ್ಡಿನಲ್ಲಿ ಹೆಸರು ಹಾಕಿ ತೋರಿಸಿದ್ದರು. ಆ ಹೊತ್ತಿಗೆ ನಾವು ಶಿಳ್ಳೆ ಹೊಡೆಯುವುದರಲ್ಲಿದ್ದೆವು, ಅಷ್ಟೇ.

ತಾರೆ ಎನ್ನುವುದು ಒಬ್ಬ ಮನುಷ್ಯ ಎಂದು ನಾವು ನಂಬುತ್ತೇವೆ. ನನಗೆ ತಿಳಿದ ಮಟ್ಟಿಗೆ ಅದು ಒಂದು ಹೆಸರು. ಆ ಒಂದು ಹೆಸರಿನ ಕೆಳಗೆ ಹತ್ತಾರು ಮೈಗಳು, ಕಂಠಗಳು, ಕೈಗಳು ಇರುತ್ತವೆ. ಹೆಸರು ಯಾರಿಗೆ ಸಲ್ಲಬೇಕು, ಪೆಟ್ಟು ಯಾರಿಗೆ ಬೀಳಬೇಕು ಎಂದು ನಿರ್ಧರಿಸುವವರು ಮಾತ್ರ ಬೇರೆಯವರು. ಈ ಮಾತಿಗೆ ಸಾಕ್ಷಿ ಹುಡುಕಿಕೊಂಡು ಬೊಂಬಾಯಿಗೂ ಹೋಗಬೇಕಿಲ್ಲ, ಹಾಲಿವುಡ್ಡಿಗೂ ಹೋಗಬೇಕಿಲ್ಲ. ಹುಣಸೂರಿನಿಂದ ಎಚ್.ಡಿ. ಕೋಟೆ ಬಸ್ಸು ಹತ್ತಿದರೆ ಸಾಕು!

ಕಾರಾಪುರದ ಹುಡುಗ

ಕೋಟೆ ದಾಟಿ ಕಬಿನಿ ಕಡೆ ಹೋದರೆ ಕಾರಾಪುರ. ಈಗ ಅಲ್ಲಿ ರೆಸಾರ್ಟುಗಳು, ಜೀಪುಗಳು, ಹುಲಿ ನೋಡಲು ಬರುವ ಪಟ್ಟಣದ ಜನ. ಹಿಂದೆ ಅದು ಮೈಸೂರು ಮಹಾರಾಜರ ಆನೆಗಳ ನೆಲೆ. ಪಕ್ಕದ ಕಾಕನಕೋಟೆಯ ಖೆಡ್ಡಾ ಲೋಕಪ್ರಸಿದ್ಧ. ಕಾಡಾನೆಗಳ ಹಿಂಡನ್ನು ಅಟ್ಟಿ, ಹೊಳೆ ದಾಟಿಸಿ, ಮರದ ದಿಮ್ಮಿಯ ಕೋಟೆಯೊಳಗೆ ಕೂಡುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟು ಬಂತು, ಹಳೆಯ ಜಾಗಗಳು ನೀರಿನೊಳಗೆ ಹೋದವು.

ಆ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮನೆಯಲ್ಲಿ ಒಬ್ಬ ಹುಡುಗ ಹುಟ್ಟಿದ. ಹೆಸರು ಸಾಬೂ. ಅಪ್ಪ ಬೇಗ ತೀರಿಕೊಂಡ. ಹುಡುಗ ಮಹಾರಾಜರ ಆನೆ ಲಾಯದ ಆಸರೆಯಲ್ಲಿ ಬೆಳೆದ. ಕಿಪ್ಲಿಂಗ್ ಬರೆದ ಆನೆ ಮಾವುತನ ಹುಡುಗನ ಕಥೆಯನ್ನು ಚಿತ್ರ ಮಾಡಲು ರಾಬರ್ಟ್ ಫ್ಲಾಹರ್ಟಿ ಎಂಬ ದೊಡ್ಡ ನಿರ್ದೇಶಕ ಆಗ ಮೈಸೂರಿಗೆ ಬಂದಿದ್ದ. ಅವನ ತಂಡದ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಕಣ್ಣಿಗೆ ಈ ಹುಡುಗ ಬಿದ್ದ. ಚಿತ್ರ ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆ ಕಂಡಿತು. ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿಯೂ ಬಂತು. ನಮ್ಮ ಕೋಟೆ ಸೀಮೆಯ ಹುಡುಗ ಒಂದೇ ಏಟಿಗೆ ಲೋಕಕ್ಕೆಲ್ಲ ಗೊತ್ತಾದ!

ಇನ್ನು ತೆರೆಯ ಹಿಂದಿನ ಕಥೆ ಕೇಳಿ. ಕಾಡು, ಆನೆ, ಹೊಳೆ ಮೈಸೂರಿನವು. ಉಳಿದ ದೃಶ್ಯಗಳಿಗೆ ಹುಡುಗನನ್ನು ಇಂಗ್ಲೆಂಡಿನ ಡೆನ್ಹಾಮ್ ಸ್ಟುಡಿಯೋಗೆ ಕರೆದುಕೊಂಡು ಹೋದರು. ಚಿತ್ರದಲ್ಲಿ ಅವನ ಅಪ್ಪನ ಪಾತ್ರ ಮಾಡಿದವನು ಬಿಳಿಯ ನಟ, ಮುಖಕ್ಕೆ ಬಣ್ಣ ಬಳಿದುಕೊಂಡವನು! ಮಾವುತರ ಊರಿಗೇ ಬಂದು ಚಿತ್ರ ತೆಗೆದರು, ಮಾವುತನ ಪಾತ್ರಕ್ಕೆ ಮಾವುತ ಸಿಗಲಿಲ್ಲವಂತೆ. ಹಣ ಲಂಡನ್ನಿನದು, ಕಥೆ ಸಾಹೇಬರದು, ಆನೆ ಮಹಾರಾಜರದು. ಹುಡುಗನದು ಏನು? ನಗು ಮತ್ತು ಮೈ. ಭಾರತ ಎಂದರೆ ಪೇಟ ಸುತ್ತಿದ, ಅರೆಬತ್ತಲೆ ಮೈಯ ಕಾಡಿನ ಹುಡುಗ ಎಂದು ಲೋಕ ನಂಬಿತು. ಆ ನಂಬಿಕೆ ಮಾರಾಟವಾಗುವವರೆಗೂ ಸಾಬೂ ತಾರೆ. 1940ರಲ್ಲಿ ‘ಥೀಫ್ ಆಫ್ ಬಾಗ್ದಾದ್’, 1942ರಲ್ಲಿ ‘ಜಂಗಲ್ ಬುಕ್’... ಎಲ್ಲದರಲ್ಲೂ ಅದೇ ಹುಡುಗ, ಅದೇ ಉಡುಪು.

ಅವನ ಹೆಸರಾದರೂ ಅವನದಾಗಿ ಉಳಿಯಿತೇ? ಲೋಕವೆಲ್ಲ ಅವನನ್ನು ‘ಸಾಬೂ ದಸ್ತಗೀರ್’ ಎನ್ನುತ್ತದೆ. ದಸ್ತಗೀರ್ ಎನ್ನುವುದು ಜೊತೆಗೆ ಹೋಗಿದ್ದ ಅಣ್ಣನ ಹೆಸರು, ಹೇಗೋ ತಮ್ಮನಿಗೆ ಅಂಟಿಕೊಂಡಿತು ಎನ್ನುತ್ತಾರೆ ಅವನ ಜೀವನ ಬರೆದವರು.

ಅವನು 1944ರಲ್ಲಿ ಅಮೆರಿಕದ ಪ್ರಜೆಯಾದ. ಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗುಂಡು ಹಾರಿಸುವ ಕೆಲಸ ಮಾಡಿ ಶೌರ್ಯ ಪದಕ ಪಡೆದ. ಇದು ಡೂಪ್ ಇಲ್ಲದ ಸಾಹಸ ಸ್ವಾಮಿ! ಹಿಂತಿರುಗಿ ಬಂದಾಗ ಅವನು ಹುಡುಗನಾಗಿ ಉಳಿದಿರಲಿಲ್ಲ. ಒಳ್ಳೆಯ ಪಾತ್ರಗಳು ಕಡಿಮೆಯಾದವು. ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಮೆಹಬೂಬ್ ಖಾನ್ ಮೊದಲು ಯೋಚಿಸಿದ್ದು ಸಾಬೂವನ್ನೇ. ಇಲ್ಲಿ ಕೆಲಸ ಮಾಡುವ ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್ ಪಾಲಾಯಿತು. ಹುಟ್ಟಿದ ದೇಶದ ಒಂದು ಚಿತ್ರದಲ್ಲೂ ನಟಿಸದೆ, 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ಸಾಬೂ ತೀರಿಕೊಂಡ. ವಯಸ್ಸು ಬರೀ 39. ಹಾಲಿವುಡ್ಡಿನ ಫುಟ್‌ಪಾತಿನಲ್ಲಿ ಅವನ ಹೆಸರಿನ ನಕ್ಷತ್ರ ಇವತ್ತಿಗೂ ಇದೆ.

ಅಂಚೆಯವನು ಕಟ್ಟಿದ ಹಾಡು

ಸಾಬೂ ಸತ್ತು ಹದಿನೈದು ವರ್ಷವಾದ ಮೇಲೆ, 1978ರಲ್ಲಿ, ಅಮೆರಿಕದ ಜಾನ್ ಪ್ರೈನ್ ಎಂಬ ಗಿಟಾರ್ ಹಾಡುಗಾರ ಅವನ ಮೇಲೆ ಒಂದು ಹಾಡು ಕಟ್ಟಿದ. ಈ ಪ್ರೈನ್ ಹಾಡಿಗೆ ಬರುವ ಮುಂಚೆ ಷಿಕಾಗೋ ಕಡೆ ಮನೆಮನೆಗೆ ಕಾಗದ ಹಂಚುತ್ತಿದ್ದ ಅಂಚೆಯವನು. ಹಾಡಿನಲ್ಲಿ ಚಿತ್ರದ ಕಂಪನಿಯವರು ‘ಎಲಿಫೆಂಟ್ ಬಾಯ್’ ಪ್ರಚಾರಕ್ಕೆಂದು ಸಾಬೂವನ್ನು ಕೊರೆಯುವ ಚಳಿಗಾಲದಲ್ಲಿ ಅಮೆರಿಕದ ಊರುಗಳಿಗೆ ಒಬ್ಬನೇ ಕಳಿಸುತ್ತಾರೆ. ಜನ ನೋಡಲು ಬರುವುದು ಆನೆ ಹುಡುಗನನ್ನು. ಅಲ್ಲಿ ನಿಂತಿರುವುದು ಊರು ಬಿಟ್ಟು ಬಂದು ಚಳಿಗೆ ನಡುಗುವ ಒಂಟಿ ಮನುಷ್ಯ.

ಹಾಡು ಕಟ್ಟಿದವನ ಕಲ್ಪನೆ ಅದರಲ್ಲಿ ಬೆರೆತಿದೆ, ನಿಜ. ಆದರೆ ವೇದಿಕೆಯ ಕೀರ್ತಿ ಕಂಡವನಿಗೇ ಈ ಕಾಡಿನ ಹುಡುಗನ ಒಂಟಿತನ ತಟ್ಟಿತು ನೋಡಿ. ಊರೂರು ತಿರುಗುವುದು, ರಾತ್ರಿ ಚಪ್ಪಾಳೆ, ಆಮೇಲೆ ಹೋಟೆಲ್ ಕೋಣೆ, ಬೆಳಿಗ್ಗೆ ಇನ್ನೊಂದು ಊರು. ಅವನಿಗೆ ಇದು ಗೊತ್ತಿದ್ದ ಬದುಕು. ಮೊಬೈಲಿನಲ್ಲಿ ಆ ಹಾಡನ್ನು ಮೊದಲು ಕೇಳಿದಾಗ ನಾನು ಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗರನ್ನು ಕೇಳಿದೆ, “ಸಾಬೂ ಗೊತ್ತೇನ್ರಪ್ಪಾ?” ಅಂತ. “ಯಾವ ಸೀರಿಯಲ್ಲು ಸಾರ್?” ಅಂದರು. ಅವರನ್ನು ದೂರುವುದು ಹೇಗೆ? ಅವನ ನಕ್ಷತ್ರ ಹಾಲಿವುಡ್ಡಿನಲ್ಲಿದೆ, ಇವರು ಓಡಾಡುವುದು ಕೋಟೆಯಲ್ಲಿ.

ಎಣ್ಣೆ ತಿಕ್ಕಿದ ಬೆನ್ನು

ಈಗ ನನ್ನ ಗೆಳೆಯನ ವಿಷಯ. ಹೆಸರು ಬೇಡ. ನಾಗರಹೊಳೆ ಕಡೆಯ ಆನೆ ಕ್ಯಾಂಪಿನ ಮಾವುತರ ಮನೆಯವನು, ನನ್ನ ಜೊತೆ ಹುಣಸೂರಿನಲ್ಲಿ ಓದುತ್ತಿದ್ದ. ಎಂಬತ್ತರ ದಶಕದ ಮಾತು. ಕಾಡಿಗೆ ಒಂದು ಚಿತ್ರತಂಡ ಬಂತು. ನಾಯಕ ಆನೆಯ ಮೇಲೆ ಕೂತು ಹೊಳೆ ದಾಟಬೇಕು. ನಾಯಕರಿಗೆ ಆನೆ ಎಂದರೆ ಭಯ. ಇರಲಿ, ಭಯ ಯಾರಿಗಿಲ್ಲ? ನನ್ನ ಗೆಳೆಯನಿಗೆ ನಾಯಕರ ಷರ್ಟು ತೊಡಿಸಿ, ವಿಗ್ ಇಟ್ಟು, “ಕ್ಯಾಮೆರಾ ಕಡೆ ತಿರುಗಬೇಡ” ಎಂದು ಹೇಳಿ ಆನೆ ಹತ್ತಿಸಿದರು. ಮಳೆಗಾಲದ ಹೊಳೆ, ಮಧ್ಯದಲ್ಲಿ ಸೆಳವು. ನಾಲ್ಕು ಸಲ ದಾಟಿಸಿದರು. ಕೊನೆಗೆ ಐವತ್ತು ರೂಪಾಯಿ, ಒಂದು ಊಟ. ಷರ್ಟು ವಾಪಸ್ಸು!

ಚಿತ್ರ ಹುಣಸೂರಿನ ಟಾಕೀಸಿಗೆ ಬಂದಾಗ ಅವನು ಕ್ಯಾಂಪಿನಿಂದ ತನ್ನ ಅವ್ವನನ್ನೂ ಕರೆತಂದ. ನಾವೊಂದು ಹತ್ತು ಜನ. ಆ ದೃಶ್ಯ ಬಂತು. ಟಾಕೀಸು ಕಿತ್ತುಹೋಗುವ ಹಾಗೆ ಶಿಳ್ಳೆ. ಇವನು ಎದ್ದು ನಿಂತು, “ಅದು ನಾನೇ ಕಣ್ರಲಾ!” ಅಂದ. ಹಿಂದಿನ ಸಾಲಿನವನೊಬ್ಬ, “ನಿನ್ ಮೊಕ ಎಲ್ಲದೆಲಾ? ಕೂತ್ಕೊ, ತೆರೆ ಕಾಣಕಿಲ್ಲ” ಎಂದು ಗದರಿದ. ಸುತ್ತ ನಗು. ಅವನು ಕೂತ. ಆಗ ಅವನ ಅವ್ವ, ಜೀವಮಾನದಲ್ಲಿ ಎರಡೋ ಮೂರೋ ಸಿನಿಮಾ ನೋಡಿದ್ದ ಹೆಂಗಸು, ತಿರುಗಿ ನೋಡದೆ ಹೇಳಿದರು: “ನಗ್ರಪ್ಪ, ನಗ್ರಿ. ಹುಟ್ಟಿದಾಗಿಂದ ಎಣ್ಣೆ ತಿಕ್ಕಿದ ಬೆನ್ನು ಕಣಪ್ಪ ಅದು. ನಂಗೆ ಗೊತ್ತಾಗಕಿಲ್ವಾ?”

ಇಡೀ ಟಾಕೀಸಿನಲ್ಲಿ ಸರಿಯಾಗಿ ಚಿತ್ರ ನೋಡಿದವರು ಆ ತಾಯಿ ಒಬ್ಬರೇ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಗೆಳೆಯ ಆಮೇಲೆ ಸಿನಿಮಾ ಕಡೆ ಹೋಗಲಿಲ್ಲ. ಅಪ್ಪನ ಹಾಗೆ ಮಾವುತನಾದ.

ಪೆಟ್ಟು ಯಾರಿಗೆ?

ಅವನು ಈಜಿ ಬದುಕಿದ. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. 1989ರ ಫೆಬ್ರವರಿ 8. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಟಿ.ವಿ. ಧಾರಾವಾಹಿಯ ಚಿತ್ರೀಕರಣ ನಡೆಯುವಾಗ ಬೆಂಕಿ ಬಿತ್ತು. 62 ಮಂದಿ ಸತ್ತರು. ಹುಣಸೂರು ಬಸ್‌ಸ್ಟ್ಯಾಂಡಿಗೆ ಸುದ್ದಿ ಬಂದಾಗ ಜನ ಮೊದಲು ಕೇಳಿದ್ದು, “ಹೀರೋ ಬದುಕಿದ್ದಾರಾ?” ಅಂತ. ಸಂಜಯ್ ಖಾನ್ ತೀವ್ರ ಸುಟ್ಟಗಾಯಗಳಿಂದ ನರಳಿ, ಎಷ್ಟೋ ಶಸ್ತ್ರಚಿಕಿತ್ಸೆಗಳ ನಂತರ ಉಳಿದರು. ಅವರು ಪಟ್ಟ ಪಾಡು ಕಡಿಮೆಯದಲ್ಲ. ಆದರೆ ಸತ್ತ 62 ಜನರಲ್ಲಿ ಒಬ್ಬರ ಹೆಸರಾದರೂ ನಿಮಗೆ ಗೊತ್ತೇ? ಧಾರಾವಾಹಿಯ ಹೆಸರು ಮಾತ್ರ ಮನೆಮನೆಗೂ ಗೊತ್ತು.

ಇನ್ನೂ ಹತ್ತಿರದ ಮಾತು. ‘ಮಾಸ್ತಿಗುಡಿ’ ಎನ್ನುವುದು ನಮ್ಮ ಕೋಟೆ ಕಾಡಿನ, ಕಬಿನಿ ಹಿನ್ನೀರಿನ ಕಡೆಯ ಹೆಸರು. ಆ ಹೆಸರಿನ ಚಿತ್ರಕ್ಕಾಗಿ 2016ರ ನವೆಂಬರ್ 7ರಂದು ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಸಾಹಸ ದೃಶ್ಯ ತೆಗೆಯುತ್ತಿದ್ದರು. ಹೆಲಿಕಾಪ್ಟರಿನಿಂದ ನೀರಿಗೆ ಹಾರಬೇಕು. ನಾಯಕ ದುನಿಯಾ ವಿಜಯ್ ಹಾರಿದರು, ಅವರನ್ನು ದಡಕ್ಕೆ ತಂದರು. ಜೊತೆಗೆ ಹಾರಿದ ಖಳ ಪಾತ್ರಧಾರಿಗಳಾದ ಅನಿಲ್ ಮತ್ತು ಉದಯ್ ಮೇಲೆ ಬರಲೇ ಇಲ್ಲ. ಅವರಿಬ್ಬರ ಮೈಮೇಲೆ ಜೀವರಕ್ಷಕ ಜಾಕೆಟ್ ಇರಲಿಲ್ಲ. ಇಬ್ಬರೂ ವ್ಯಾಯಾಮದಿಂದ ಮೈ ಕಟ್ಟಿದ ಹುಡುಗರು, ತೆರೆಯ ಮೇಲೆ ಹತ್ತು ಜನರನ್ನು ಹೊಡೆದು ಕೆಡವುವಂತೆ ಕಾಣುತ್ತಿದ್ದವರು. ನೀರಿಗೆ ಅದೆಲ್ಲ ಗೊತ್ತಾಗುವುದಿಲ್ಲ ತಾನೇ? ಚಿತ್ರ 2017ರಲ್ಲಿ ಬಿಡುಗಡೆಯಾಯಿತು.

ಮಿತ್ರರೇ, ಇದೆಲ್ಲ ಓದಿ ಸಿನಿಮಾ ನೋಡಬೇಡಿ ಎನ್ನುವ ಉಪದೇಶ ಎಂದುಕೊಳ್ಳಬೇಡಿ. ನಾನೂ ನೋಡುತ್ತೇನೆ, ಶಿಳ್ಳೆಯನ್ನೂ ಹೊಡೆಯುತ್ತೇನೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಅಪಘಾತದಲ್ಲಿ ಶಂಕರ್‌ನಾಗ್ ಹೋದ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಆ ಪ್ರೀತಿ ಸುಳ್ಳಲ್ಲ. ಕಂಠ ಎಸ್.ಪಿ.ಬಿ. ಅವರದೆಂದು ಗೊತ್ತಾದ ಮೇಲೆ ನನ್ನ ಪ್ರೀತಿ ಕಡಿಮೆಯೂ ಆಗಲಿಲ್ಲ. ಇನ್ನೂ ಮೂವರಿಗೆ ಹಂಚಿತು, ಅಷ್ಟೇ.

ಆದರೆ ಹೊಗೆಸೊಪ್ಪಿನ ಸುಗ್ಗಿ ಮುಗಿಯುತ್ತಲೇ ಬೆಂಗಳೂರಿನ ಬಸ್ಸು ಹತ್ತುವ ನಮ್ಮ ಕಡೆಯ ಹುಡುಗರಿದ್ದಾರಲ್ಲ? ಪಿರಿಯಾಪಟ್ಟಣದವರು, ಕೆ.ಆರ್. ನಗರದವರು. ಜಿಮ್ಮಿನಲ್ಲಿ ಮೈ ಕಟ್ಟಿ, ಗಾಂಧಿನಗರದಲ್ಲಿ ಒಂದು ಫೈಟು, ಒಂದು ಡೂಪ್ ಸಿಕ್ಕರೆ ಸಾಕು ಎನ್ನುವವರು. ಅವರಿಗೆ ನನ್ನದೊಂದು ಮಾತು. ಎತ್ತರದಿಂದ ಹಾರು ಎಂದಾಗ, ಹಗ್ಗ ಯಾರು ನೋಡಿದ್ದಾರೆ ಎಂದು ಕೇಳಿ. ನೀರಿಗೆ ಬೀಳು ಎಂದಾಗ, ಜಾಕೆಟ್ ಎಲ್ಲಿ, ದೋಣಿ ಎಲ್ಲಿ ಎಂದು ಕೇಳಿ. ಬೆಂಕಿ ಎಂದಾಗ, ಬಾಗಿಲು ಯಾವ ಕಡೆ ಎಂದು ಕೇಳಿ. ಏಟಾದರೆ ಆಸ್ಪತ್ರೆ ಖರ್ಚು ಯಾರದು ಎನ್ನುವುದನ್ನು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ. ಈಜು ಬಾರದಿದ್ದರೆ ಬಾರದು ಎನ್ನಿ, ಅದರಲ್ಲಿ ನಾಚಿಕೆ ಏನಿದೆ?

“ಇಷ್ಟೆಲ್ಲ ಕೇಳೋದಾದ್ರೆ ಬೇಡ ಬಿಡು, ಇನ್ನೊಬ್ಬ ಬರ್ತಾನೆ” ಅಂತಾರೆ. ಬರಲಿ. ಅವನೂ ಇದನ್ನೇ ಕೇಳಲಿ.