ಹಸಿರು ದ್ವೀಪದ ದಾರಿಯಲ್ಲಿ ತವಕ್ಕುಲ್

ಕಡಲಿನಲ್ಲಿ ಚಲಿಸುವ ಹಡಗುಗಳನ್ನು ಪವಿತ್ರ ಕುರ್‌ಆನ್ ಅಲ್ಲಾಹನ ದೃಷ್ಟಾಂತಗಳ ಸಾಲಿನಲ್ಲಿ ಎಣಿಸುತ್ತದೆ. ಆ ಸೂಕ್ತಗಳನ್ನು ಮಸೀದಿಯಲ್ಲಿ ಕುಳಿತು ಪಾರಾಯಣ ಮಾಡುವುದು ಬೇರೆ, ಅಲೆಗಳ ನಡುವೆ ನೆನೆಯುವುದು ಬೇರೆ. ಜಂಜಿಬಾರಿನಿಂದ ಪೆಂಬಾ ದ್ವೀಪಕ್ಕೆ ಹಡಗಿನಲ್ಲಿ ಹೋದಾಗ ಈ ವ್ಯತ್ಯಾಸ ನಮಗೆ ಚೆನ್ನಾಗಿ ಅರಿವಾಯಿತು.

ಜಂಜಿಬಾರಿನ ಹಳೆಯ ಪಟ್ಟಣವಾದ ಸ್ಟೋನ್ ಟೌನ್ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಹವಳದ ಕಲ್ಲಿನ ಮನೆಗಳು, ಕೆತ್ತನೆಯ ಬಾಗಿಲುಗಳು, ಇಕ್ಕಟ್ಟಾದ ಓಣಿಗಳು. ಒಮಾನಿನ ಸುಲ್ತಾನ ಸಯ್ಯಿದ್ ಸಈದ್ 1840ರ ಸುಮಾರಿಗೆ ಮಸ್ಕತ್‌ನಿಂದ ತನ್ನ ರಾಜಧಾನಿಯನ್ನು ಇಲ್ಲಿಗೆ ತಂದನು. ನಮ್ಮ ಕರಾವಳಿಯಂತೆಯೇ ಇಲ್ಲಿಯೂ ಹೆಚ್ಚಿನ ಮುಸ್ಲಿಮರು ಶಾಫಿಈ ಮದ್ಹಬ್‌ನವರು. ಸುಬ್‌ಹಿ ನಮಾಝಿನಲ್ಲಿ ಇಮಾಮರು ಖುನೂತ್‌ಗೆ ಕೈಯೆತ್ತಿದಾಗ ಊರಿನ ಮಸೀದಿಯಲ್ಲೇ ನಿಂತಂತಾಯಿತು.

ಮಾಲಿಂದಿ ಬಂದರಿನಿಂದ ಹೊರಟ ಹಡಗಿನಲ್ಲಿ ಅಕ್ಕಿಯ ಮೂಟೆಗಳಿದ್ದವು, ಹಾಸಿಗೆಗಳಿದ್ದವು, ಕಂಗಾ ಹೊದ್ದ ತಾಯಂದಿರ ಮಡಿಲಲ್ಲಿ ಎಳೆಯ ಕೂಸುಗಳಿದ್ದವು. ಹಗ್ಗ ಬಿಚ್ಚುತ್ತಿದ್ದಂತೆ ಪ್ರಯಾಣದ ದುಆ ತುಟಿಯಿಂದ ತುಟಿಗೆ ಹರಡಿತು. ಉಂಗುಜಾ ದ್ವೀಪದ ಮರೆಯಲ್ಲಿ ಸಾಗುವವರೆಗೆ ಕಡಲು ಶಾಂತವಾಗಿತ್ತು. ಉತ್ತರದ ತುದಿಯ ನುಂಗ್ವಿ ದಾಟುತ್ತಲೇ ಹಡಗು ಹೊಯ್ದಾಡತೊಡಗಿತು. ಮಾತುಗಳು ನಿಂತವು. ನಮ್ಮ ಪಕ್ಕದ ವೃದ್ಧರೊಬ್ಬರು ಕೈಗಳನ್ನೆತ್ತಿ ದೀರ್ಘವಾಗಿ ಪ್ರಾರ್ಥಿಸಿದರು. ಅದು ತಮಗಾಗಿ ಅಲ್ಲ, ಆ ನೀರಿನಡಿ ಮಲಗಿರುವವರಿಗಾಗಿ ಎಂದು ಅನಂತರ ತಿಳಿಸಿದರು.

2011ರ ಸೆಪ್ಟೆಂಬರ್ 10ರಂದು ನಸುಕಿಗೆ ಮುನ್ನ ಇದೇ ಜಲಮಾರ್ಗದಲ್ಲಿ 'ಸ್ಪೈಸ್ ಐಲ್ಯಾಂಡರ್' ಎಂಬ ಹಡಗು ಮುಳುಗಿತು. ಈದುಲ್ ಫಿತ್ರ್ ಕಳೆದು ಹತ್ತು ದಿನಗಳಷ್ಟೇ ಆಗಿತ್ತು. ಹಡಗಿನಲ್ಲಿ ಅನುಮತಿಸಿದ್ದಕ್ಕಿಂತ ಬಹಳ ಹೆಚ್ಚು ಜನರಿದ್ದರು. 200ಕ್ಕೂ ಹೆಚ್ಚು ಮೃತದೇಹಗಳು ಸಿಕ್ಕವು, ಅನೇಕರು ಸಿಗಲೇ ಇಲ್ಲ.

ನೀರಿನಲ್ಲಿ ಮುಳುಗಿ ಮರಣ ಹೊಂದುವ ಸತ್ಯವಿಶ್ವಾಸಿಗೆ ಶಹೀದರ ಪ್ರತಿಫಲವಿದೆ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಮಕ್ಕಳನ್ನು ಕಳೆದುಕೊಂಡ ತಾಯಿಗೆ ಅದಕ್ಕಿಂತ ದೊಡ್ಡ ಸಾಂತ್ವನವಿಲ್ಲ. ಆದರೆ ಆ ಸಾಂತ್ವನವು ಅವಳ ಪಾಲಿನದು. ಹೆಚ್ಚು ಟಿಕೆಟ್ ಮಾರಿದವನು ಅದರ ಮರೆಯಲ್ಲಿ ನಿಲ್ಲುವಂತಿಲ್ಲ, 'ಎಲ್ಲವೂ ವಿಧಿ' ಎಂದು ಕೈತೊಳೆದುಕೊಳ್ಳುವಂತಿಲ್ಲ. ಒಂಟೆಯನ್ನು ಕಟ್ಟಿಹಾಕಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಕಲಿಸಿದ ಧರ್ಮ ನಮ್ಮದು. ನೂಹ್(ಅ)ರು ಸಹ ಬರಿಯ ದುಆದಿಂದ ತೇಲಲಿಲ್ಲ. ಅಲ್ಲಾಹನ ಆಜ್ಞೆಯಂತೆ ಮೊದಲು ಹಡಗನ್ನು ಕಟ್ಟಿದರು. ಪ್ರಯಾಣಿಕನ ಪ್ರಾಣ ಹಡಗಿನವನ ಕೈಯಲ್ಲಿರುವ ಅಮಾನತು, ಅದರ ವಿಚಾರಣೆ ಖಂಡಿತ ನಡೆಯಲಿದೆ.

ಮಧ್ಯಾಹ್ನದ ಹೊತ್ತಿಗೆ ಪೆಂಬಾದ ಬೆಟ್ಟಗುಡ್ಡಗಳು ಕಾಣಿಸಿದವು. ಅರಬರು ಇದನ್ನು 'ಅಲ್ ಜಝೀರತುಲ್ ಖಳ್ರಾ', ಅಂದರೆ ಹಸಿರು ದ್ವೀಪ, ಎಂದು ಕರೆದುದರಲ್ಲಿ ಆಶ್ಚರ್ಯವಿಲ್ಲ. ಮ್ಕೊಆನಿ ಬಂದರಿನಿಂದ ಒಳಗೆ ಸಾಗಿದಂತೆ ಲವಂಗದ ತೋಟಗಳು ಎದುರಾದವು. ಅರಳುವ ಮುನ್ನವೇ ಕೈಯಿಂದ ಬಿಡಿಸಿದ ಮೊಗ್ಗುಗಳನ್ನು ಚಾಪೆಗಳ ಮೇಲೆ ಒಣಗಲು ಹರಡಿದ್ದರು. 1872ರ ಚಂಡಮಾರುತದಲ್ಲಿ ಉಂಗುಜಾದ ಲವಂಗದ ಮರಗಳು ಬಹುಪಾಲು ನೆಲಕಚ್ಚಿದ ಮೇಲೆ ಪೆಂಬಾವೇ ಈ ಬೆಳೆಯ ಕೇಂದ್ರವಾಯಿತು. ನಮ್ಮ ಬಿರಿಯಾನಿಯ ಪರಿಮಳಕ್ಕೆ ಕಾರಣವಾದ ಈ ಮೊಗ್ಗುಗಳನ್ನು ಒಂದು ಕಾಲದಲ್ಲಿ ಗುಲಾಮರು ಬಿಡಿಸುತ್ತಿದ್ದರು. ಸ್ಟೋನ್ ಟೌನಿನ ಗುಲಾಮರ ಸಂತೆ 1873ರಲ್ಲಿ ಮುಚ್ಚಿದರೂ ಗುಲಾಮಗಿರಿಯ ಕಾನೂನು ಮಾನ್ಯತೆ ರದ್ದಾದುದು 1897ರಲ್ಲಿ. ಗುಲಾಮರ ವಿಮೋಚನೆಯನ್ನು ಪುಣ್ಯಕಾರ್ಯವೆಂದು ಸಾರಿದ ಗ್ರಂಥವನ್ನು ಓದುತ್ತಿದ್ದವರೇ ಆ ತೋಟಗಳ ಒಡೆಯರಾಗಿದ್ದರು ಎಂಬುದನ್ನು ನಾವು ಮರೆಯಬಾರದು.

ಅಲ್ಲಾಹನ ಹಕ್ಕುಗಳಲ್ಲಿ ಲೋಪವಾದರೆ ಅವನು ಕ್ಷಮಿಸಿಯಾನು. ದಾಸರ ಹಕ್ಕುಗಳು ಹಾಗಲ್ಲ, ಅವುಗಳ ಲೆಕ್ಕ ದಾಸರೊಂದಿಗೇ ತೀರಬೇಕು. ನಮ್ಮ ಅಳಿವೆಗಳ ದೋಣಿಗಳಲ್ಲಿಯೂ, ಮದ್ರಸಕ್ಕೆ ಮಕ್ಕಳನ್ನು ಕರೆತರುವ ಆಟೋರಿಕ್ಷಾಗಳಲ್ಲಿಯೂ ಮಿತಿಮೀರಿ ಜನರನ್ನು ತುಂಬಿ 'ಬಿಸ್ಮಿಲ್ಲಾ' ಹೇಳಿ ಹೊರಡುವವರಿದ್ದಾರೆ. ಹೊರಡುವ ಮುನ್ನ ತಲೆಗಳನ್ನು ಎಣಿಸುವುದೂ ಆ ಬಿಸ್ಮಿಲ್ಲಾದ ಭಾಗವೇ ಎಂದು ಅವರಿಗೆ ಹೇಳುವವರು ನಾವಾಗಬೇಕು.

ಕಡಲಿನ ಪಾಲಾದ ನಮ್ಮೆಲ್ಲ ಸಹೋದರ ಸಹೋದರಿಯರಿಗೆ ಅಲ್ಲಾಹನು ಮಗ್ಫಿರತ್ ನೀಡಲಿ, ನಮ್ಮ ಕೈಗೊಪ್ಪಿಸಿದ ಪ್ರಾಣಗಳನ್ನು ಕಾಯುವ ಎಚ್ಚರವನ್ನು ನಮಗೆ ಕರುಣಿಸಲಿ. ಆಮೀನ್.